ಹಳೇ ಸೀಲಿಂಗ್ ಫ್ಯಾನು, ಅದರ ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ನಮ್ಮ ಮನೆಗೆ ಭಾನುವಾರ ಬಂತೆಂದರೆ ಯಾರಾದರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಹಳೇ ಫ್ಯಾನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುತ್ತಾರೆ. ಬಂಗಾರಪೇಟೆ, ಮುಳಬಾಗಿಲು, ಚಿಂತಾಮಣಿ, ಒಮ್ಮೊಮ್ಮೆ ತುಮಕೂರಿನಿಂದಲೂ. ಊರು ಬೇರೆಯಾದರೂ ಕೇಳುವ ಪ್ರಶ್ನೆಗಳು ಅವೇ. ಅವನ್ನೇ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲೇ ಒಂದು ಮಾತು. ಕಣ್ಣಿಗೆ ಕಾಣುವುದನ್ನೆಲ್ಲ ಉಳಿಸಿಕೊಳ್ಳಿ. ಕರೆಂಟು ಹೊರುವುದನ್ನೂ ಭಾರ ಹೊರುವುದನ್ನೂ ಹೊಸದು ಮಾಡಿ. ಬಾಡಿ, ರೆಕ್ಕೆ, ರಾಡಿನ ತುದಿ ಮುಚ್ಚುವ ಕಪ್ಪು (ಬಟ್ಟಲು), ಗಾಜು, ಹೆಸರಿನ ತಟ್ಟೆ ಎಲ್ಲ ಹಳೆಯದೇ ಇರಲಿ. ವೈರು, ಮೋಟಾರು ಶುರುವಾಗಲು ನೆರವಾಗುವ ಕಂಡೆನ್ಸರ್, ಬೋಲ್ಟು ಜಾರದಂತೆ ಹಿಡಿಯುವ ಸ್ಪ್ಲಿಟ್ ಪಿನ್ನು, ತೂಗುವ ಬೋಲ್ಟು ಇವು ಹೊಸವಾಗಲೇಬೇಕು. ಮೋಟಾರಿನ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಒಂದು ಮಾತ್ರ ಇದಕ್ಕೆ ಹೊರತು, ಅದರ ವಿಷಯ ಮುಂದೆ ಬರುತ್ತದೆ.

ಅಟ್ಟದ ಮೇಲೆ ತಾತನ ಕಾಲದ ಫ್ಯಾನು ಸಿಕ್ಕಿದೆ. ಓಡುತ್ತಾ ಅಂತ ಒಂದು ಸಲ ಪ್ಲಗ್ಗಿಗೆ ಹಾಕಿ ನೋಡಲಾ?

ಬೇಡ. ದಯವಿಟ್ಟು ಬೇಡ. ನಲವತ್ತು ವರ್ಷ ಅಟ್ಟದಲ್ಲಿ ಮಲಗಿದ್ದ ಫ್ಯಾನಿನ ಒಳಗೆ ತೇವ ಕೂತಿರುತ್ತದೆ, ರಬ್ಬರು ಪುಡಿಯಾಗಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಫ್ಯಾನಿನ ಬಾಡಿಯೊಳಕ್ಕೆ ಕರೆಂಟು ಹರಿದರೆ ಹಿಡಿದವರ ಕೈಗೇ ಬರುತ್ತದೆ. ಇನ್ನೆರಡು ದಿನ ಒಣಗಿಸಿದ್ದರೆ ಬದುಕುತ್ತಿದ್ದ ವೈಂಡಿಂಗ್, ಎರಡು ಸೆಕೆಂಡಿನಲ್ಲಿ ಸುಟ್ಟುಹೋಗುವುದನ್ನು ನಾನು ಕಂಡಿದ್ದೇನೆ.

ಉಜ್ಜುವುದೂ ಬೇಡ. ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ರೆಕ್ಕೆ ಬಿಚ್ಚುವ ಮೊದಲು ಯಾವ ರೆಕ್ಕೆ ಯಾವ ತೋಳಿನಲ್ಲಿತ್ತು ಅಂತ ಪೆನ್ಸಿಲಿನಲ್ಲಿ 1, 2, 3 ಎಂದು ಗುರುತು ಹಾಕಿ. ಬಿಚ್ಚಿದ ತಿರುಪು, ವಾಷರುಗಳನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಿಡಿ, ಒಂದನ್ನೂ ಎಸೆಯಬೇಡಿ. ಹಳೇ ಇಂಗ್ಲೆಂಡಿನ ಫ್ಯಾನಿನ ತಿರುಪಿನ ಥ್ರೆಡ್ಡು ಈಗಿನ ಮಿಲಿಮೀಟರ್ ಲೆಕ್ಕದ್ದಲ್ಲ. ಒಂದು ಕಳೆದುಹೋದರೆ ಅದಕ್ಕೆ ಹೊಂದುವುದನ್ನು ಹುಡುಕಿಕೊಂಡು ಬೆಂಗಳೂರಿನ ಎಸ್‌.ಪಿ. ರಸ್ತೆಯೆಲ್ಲ ಸುತ್ತಬೇಕಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಕೈಗೆ ಬಂದ ಮೊದಲ ಫ್ಯಾನನ್ನು ನಾನು ನೇರವಾಗಿ, ಲೋಹ ಉಜ್ಜಿ ಹೊಳಪು ಕೊಡುವ ಬಫಿಂಗ್ ಅಂಗಡಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬಾಡಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅದರ ಹಿತ್ತಾಳೆ ತಟ್ಟೆಯೂ ಹಾಗೇ ಹೊಳೆಯುತ್ತಿತ್ತು, ಒಂದಕ್ಷರ ಉಳಿದಿರಲಿಲ್ಲ. ಆ ಫ್ಯಾನು ಯಾರು ಮಾಡಿದ್ದು, ಯಾವ ಕಾಲದ್ದು ಅಂತ ಇವತ್ತಿಗೂ ನನಗೆ ತಿಳಿಯದು. ನಮ್ಮ ನಡುಮನೆಯಲ್ಲಿ ಈಗಲೂ ತಿರುಗುತ್ತಿದೆ. ತಲೆಯೆತ್ತಿ ನೋಡಿದಾಗಲೆಲ್ಲ ಆ ಬೋಳು ತಟ್ಟೆ ಮನಸ್ಸಿಗೆ ಚುಚ್ಚುತ್ತದೆ.

ಎಷ್ಟು ಹಳೆಯದು ಅಂತ ಹೇಗೆ ಗೊತ್ತಾಗುತ್ತೆ?

ತಟ್ಟೆ ಓದಬೇಕು. ಬಾಡಿಯ ಮೇಲ್ಭಾಗದಲ್ಲೋ ಪಕ್ಕದಲ್ಲೋ ಬೆರಳಷ್ಟು ಅಗಲದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡು ಇರುತ್ತದೆ. ಅದರಲ್ಲಿ ತಯಾರಿಸಿದ ವರ್ಷ ಇರುವುದು ಅಪರೂಪ. ಆದರೆ ಇರುವ ಒಂದೊಂದು ಪದವೂ ಕಾಲವನ್ನು ಹೇಳುತ್ತದೆ.

ಕಂಪನಿಯ ಹೆಸರು ನೋಡಿ. ಕ್ರಾಂಪ್ಟನ್ ಮತ್ತು ಪಾರ್ಕಿನ್ಸನ್ ಒಂದಾದದ್ದು 1927ರಲ್ಲಿ. ಕ್ರಾಂಪ್ಟನ್ ಗ್ರೀವ್ಸ್ ಎಂಬ ಹೆಸರು ಬಂದದ್ದು 1966ರಲ್ಲಿ. ಹಾಗಾಗಿ ‘ಕ್ರಾಂಪ್ಟನ್ ಪಾರ್ಕಿನ್ಸನ್’ ಎಂದಿದ್ದರೆ ಈ ಎರಡರ ನಡುವಿನದು, ‘ಗ್ರೀವ್ಸ್’ ಎಂದಿದ್ದರೆ ಆಮೇಲಿನದು. ಇಂಗ್ಲೆಂಡಿನ ಜಿಇಸಿ, ಇಟಲಿಯ ಮರೆಲ್ಲಿ ಫ್ಯಾನುಗಳು ನಮ್ಮ ಕಡೆ ಹಳೇ ಬಂಗಲೆಗಳಲ್ಲಿ ಸಿಗುತ್ತವೆ. ಉಷಾ, ಓರಿಯಂಟ್ ಇವು ಕಲ್ಕತ್ತೆಯಲ್ಲಿ ಹುಟ್ಟಿದವು. ಓರಿಯಂಟ್ ಶುರುವಾದದ್ದು 1954ರಲ್ಲಿ. ಫ್ಯಾನು ಮಾಡುವುದರಲ್ಲಿ ಬಹಳ ಕಾಲ ಕಲ್ಕತ್ತೆಯದೇ ದೊಡ್ಡ ಕೈ. ಆದ್ದರಿಂದ ತಟ್ಟೆಯ ಮೇಲೆ ಆ ಊರಿನ ಹೆಸರು ಕಂಡರೆ ಅಚ್ಚರಿ ಬೇಡ.

ಐಎಸ್ಐ ಗುರುತು ಇದೆಯಾ ನೋಡಿ. ಆ ಗುರುತು ಕೊಡಲು ಶುರು ಮಾಡಿದ್ದು 1955ರ ಹೊತ್ತಿಗೆ. ಗುರುತಿದ್ದರೆ ಅದಕ್ಕಿಂತ ಹಿಂದಿನದಲ್ಲ. ಸೀಲಿಂಗ್ ಫ್ಯಾನಿಗೆ ಐಎಸ್ 374 ಎಂಬ ಸಂಖ್ಯೆ.

ಅಳತೆ ಹೇಗೆ ಬರೆದಿದ್ದಾರೆ ನೋಡಿ. 48 ಇಂಚು, 56 ಇಂಚು ಎಂದಿದ್ದರೆ ಹಳೆಯದು. ನಮ್ಮಲ್ಲಿ ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ, ಅದು ಎಲ್ಲ ಕಡೆ ಜಾರಿಯಾಗಲು 1960ರ ದಶಕವೇ ಹಿಡಿಯಿತು. 1200 ಮಿಲಿಮೀಟರ್, 1400 ಮಿಲಿಮೀಟರ್ ಎಂದಿದ್ದರೆ ಆ ನಂತರದ್ದು. ಅದೇ ರೀತಿ, ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಎಂಬುದನ್ನು ‘ಸೈಕಲ್’ ಎಂದು ಬರೆದದ್ದು ಹಿಂದಿನದು, ‘ಹರ್ಟ್ಸ್’ ಎಂದು ಬರೆದದ್ದು ಈಚಿನದು.

ಇವೆಲ್ಲ ಸೇರಿಸಿದರೆ ಹತ್ತು ವರ್ಷ ಹಿಂದೆ ಮುಂದೆ ಹೇಳಬಹುದು. ‘ಇದು 1932ರದ್ದೇ’ ಎಂದು ಇಸವಿ ಸಮೇತ ಹೇಳುವ ಮಾರಾಟಗಾರನ ಹತ್ತಿರ ಕಾಗದ ಕೇಳಿ.

ತಟ್ಟೆಯ ಮೇಲೆಲ್ಲ ಪೇಂಟ್ ಬಳಿದಿದ್ದಾರೆ. ಓದೋದು ಹೇಗೆ?

ಕೆರೆಯಬೇಡಿ. ಉಬ್ಬಕ್ಷರದ ತಟ್ಟೆಯಾದರೆ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನ ಸೀಸವನ್ನು ಅಡ್ಡಲಾಗಿ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹೀಗೆ ಮಾಡುತ್ತಿದ್ದೆವಲ್ಲ, ಹಾಗೇ. ಅಕ್ಷರ ಮೂಡುತ್ತದೆ. ಅದಾಗದಿದ್ದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ತಟ್ಟೆಗೆ ಸಮವಾಗಿ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಆ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪೇಂಟ್ ರಿಮೂವರಿನಲ್ಲಿ ಅದ್ದಿ, ಒಂದು ಮೂಲೆಯಿಂದ, ಅವಸರವಿಲ್ಲದೆ ಒರೆಸುತ್ತ ಬನ್ನಿ.

ಕೆಜಿಎಫ್‌ನಿಂದ ತಂದ ಫ್ಯಾನಿನ ಮೇಲೆ 25 ಸೈಕಲ್ ಅಂತಿದೆ. ತಪ್ಪು ಅಚ್ಚಾ?

ತಪ್ಪಲ್ಲ, ಅದು ನಮ್ಮ ಜಿಲ್ಲೆಯ ಚರಿತ್ರೆ. ಜೋಪಾನ ಮಾಡಿ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು 1902ರಲ್ಲಿ. ಸುಮಾರು 147 ಕಿಲೋಮೀಟರ್ ಉದ್ದದ ಲೈನು, ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದವುಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಆ ಶಿವನಸಮುದ್ರದ ಕರೆಂಟು ಈಗಿನ ಹಾಗೆ 50 ಸೈಕಲ್‌ನದಲ್ಲ, 25 ಸೈಕಲ್‌ನದು. ಊರಿಗಾಂ, ಚಾಂಪಿಯನ್ ರೀಫ್ಸ್ ಕಡೆಯ ಬಂಗಲೆಗಳಿಗೆ ತರಿಸಿದ ಫ್ಯಾನಿನ ಮೇಲೆ 25 ಎಂದಿರುವುದು ಅದಕ್ಕೇ ಸರಿಯಾಗಿ.

ಈಗ ಅದನ್ನು ನಮ್ಮ ಮನೆಯ ಲೈನಿಗೆ ಹಾಕಿದರೆ ಏನಾಗುತ್ತದೆ? ಫ್ಯಾನಿನ ವೇಗ ಸೈಕಲ್ ಮೇಲೂ ಒಳಗಿರುವ ಪೋಲುಗಳ, ಅಂದರೆ ವೈಂಡಿಂಗಿನ ಅಯಸ್ಕಾಂತ ಧ್ರುವಗಳ, ಮೇಲೂ ನಿಂತಿದೆ. 120ನ್ನು ಸೈಕಲ್‌ನಿಂದ ಗುಣಿಸಿ, ಪೋಲಿನ ಲೆಕ್ಕದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ ಮೇಲ್ಮಿತಿ ಸಿಗುತ್ತದೆ. 18 ಪೋಲಿನ ಫ್ಯಾನಿಗೆ 50 ಸೈಕಲ್‌ನಲ್ಲಿ 333 ಸುತ್ತು. 25 ಸೈಕಲ್‌ಗೆಂದು ಮಾಡಿದವರು ಅದೇ ಗಾಳಿ ಕೊಡಲು ಪೋಲುಗಳನ್ನು ಸುಮಾರು ಅರ್ಧ ಮಾಡಿರುತ್ತಾರೆ. ಅದನ್ನು ಈಗಿನ ಲೈನಿಗೆ ಹಾಕಿದರೆ ಎರಡರಷ್ಟು ವೇಗಕ್ಕೆ ಹೋಗಲು ಹೊರಡುತ್ತದೆ, ಆದರೆ ಎಳೆಯಲು ಬಲವಿರುವುದಿಲ್ಲ, ತಿಣುಕುತ್ತ ತಿರುಗುತ್ತದೆ. ಹೊಸದಾಗಿ ವೈಂಡಿಂಗ್ ಮಾಡಿಸಿ ಓಡಿಸಬಹುದು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. 25 ಸೈಕಲ್‌ನ ಮೂಲ ವೈಂಡಿಂಗ್ ಇರುವ ಫ್ಯಾನನ್ನು ಬಿಚ್ಚಲೇಬೇಡಿ. ಒರೆಸಿ, ತಟ್ಟೆ ಕಾಣುವ ಹಾಗೆ ತೂಗುಹಾಕಿ, ಗಾಳಿಗೆ ಪಕ್ಕದಲ್ಲಿ ಇನ್ನೊಂದು ಫ್ಯಾನು ಇಟ್ಟುಕೊಳ್ಳಿ. ಗಣಿ 2001ರಲ್ಲಿ ಮುಚ್ಚಿತು. ಆ ಕಾಲದ ಸಾಮಾನು ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಹೋಗಿ ಕರಗಿದ್ದು ಸಾಕು.

ಡಿಸಿ ಫ್ಯಾನು ಅಂತಾರಲ್ಲ, ಅದನ್ನು ಗುರುತಿಸೋದು ಹೇಗೆ?

ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಫ್ಯಾನು ಅದು, ತಟ್ಟೆಯ ಮೇಲೆ ಡಿ.ಸಿ. ಎಂದಿರುತ್ತದೆ. ತಟ್ಟೆ ಇಲ್ಲದಿದ್ದರೆ, ಬಾಡಿ ಬಿಚ್ಚಿದಾಗ ತಾಮ್ರದ ಪಟ್ಟಿಪಟ್ಟಿಯಾದ ಒಂದು ಉರುಳೆ, ಅದಕ್ಕೆ ಒತ್ತಿಕೊಂಡ ಎರಡು ಕಾರ್ಬನ್ ಬ್ರಷ್ಷು ಕಂಡರೆ ಅದು ಡಿಸಿ. ಇವು ಹೆಚ್ಚಾಗಿ ಕಲ್ಕತ್ತ, ಮದರಾಸಿನಂಥ ಊರುಗಳಿಂದ ಬಂದವು. ಮನೆಯ ಎಸಿ ಲೈನಿಗೆ ನೇರ ಹಾಕಬಾರದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹಾಕಿ ಓಡಿಸುವವರಿಗೆ ಒಂದು ಎಚ್ಚರಿಕೆ: ಬರೀ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದರೆ 230 ವೋಲ್ಟಿನಿಂದ ಸರಾಸರಿ 207ರಷ್ಟು ಬರುತ್ತದೆ, ಫ್ಯಾನು ತಡೆದುಕೊಳ್ಳುತ್ತದೆ. ‘ಕರೆಂಟು ನಯವಾಗಲಿ’ ಎಂದು ಜೊತೆಗೆ ದೊಡ್ಡ ಕಂಡೆನ್ಸರ್ ಸೇರಿಸಿದರೆ 320 ದಾಟುತ್ತದೆ, ಫ್ಯಾನು ಹೋಗುತ್ತದೆ.

ಆಂಟಿಕ್ ಅಂತ ಹೇಳಿ ಹೊಸದನ್ನೇ ಮಾರುತ್ತಾರೆ ಅಂತ ಕೇಳಿದ್ದೇವೆ.

ನಿಜ. ಎತ್ತಿ ನೋಡಿ. ಹಳೇ ಎರಕದ ಬಾಡಿಯ ಫ್ಯಾನು ಹದಿನೈದು ಕೆಜಿ ದಾಟುವುದೂ ಉಂಟು. ಈಗಿನ ಮೋಟಾರು ಒಳಗಿದ್ದರೆ ಒಂದು ಕೈಯಲ್ಲಿ ಏಳುತ್ತದೆ. ಮ್ಯಾಗ್ನೆಟ್ ಇಡಿ: ಹಿತ್ತಾಳೆ ಎಂದು ಹೇಳಿದ್ದಕ್ಕೆ ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಮುಲಾಮು. ತಿರುಪಿನ ತಲೆ ನೋಡಿ: ಒಂದೇ ಗೀರಿನ ತಲೆ ಹಳೆಯದಕ್ಕೆ ಸಹಜ, ನಾಲ್ಕು ಮೂಲೆಯ ಸ್ಟಾರ್ ತಲೆ ಇದ್ದರೆ ಯಾರೋ ಕೈಯಾಡಿಸಿದ್ದಾರೆ. ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಕೊಳೆ. ನಿಜವಾದ ಹಳೇ ಫ್ಯಾನಿನ ರೆಕ್ಕೆ ಕೂರುವ ತೋಳಿನ ಕೆಳಗೆ, ತಿರುಪಿನ ಸುತ್ತ, ಎಣ್ಣೆ ಮತ್ತು ದೂಳು ಸೇರಿ ಗಟ್ಟಿಯಾದ ಕಪ್ಪು ಪದರ ಇರುತ್ತದೆ. ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿಯಾಗಿ ಏಳುತ್ತದೆ. ಹೊಸದಕ್ಕೆ ಬಳಿದ ಕಪ್ಪು ಪುಡಿಯಾಗಿ ಉದುರುತ್ತದೆ.

ಗುಂಯ್ ಅಂತ ಸದ್ದು ಬರುತ್ತೆ, ತಿರುಗೋದಿಲ್ಲ. ವೈಂಡಿಂಗ್ ಹೋಗಿದೆಯಾ?

ಸಾಮಾನ್ಯವಾಗಿ ಕಂಡೆನ್ಸರ್ ಹೋಗಿರುತ್ತದೆ. ಆದರೆ ಅದಕ್ಕೂ ಮೊದಲಿನ ಕೆಲಸಗಳಿವೆ, ಅನುಕ್ರಮ ತಪ್ಪಿಸಬೇಡಿ.

ಕರೆಂಟಿಲ್ಲದೆ ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ತೊಂದರೆ ಬೇರಿಂಗಿನದು. ಸಲೀಸಾಗಿ ತಿರುಗಿದರೆ ಒಣಗಿಸುವ ಕೆಲಸ. ನಾನು ಮಾಡುವುದು ಹೀಗೆ: ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಾಡಿ ಇಟ್ಟು, ರಟ್ಟಿಗೂ ಬಾಡಿಗೂ ತಾಗದಂತೆ 60 ವ್ಯಾಟಿನ ಹಳೇ ಬುರುಡೆ ಬಲ್ಬು ಉರಿಸಿ, ಮೇಲೆ ಗಾಳಿಯಾಡಲು ಕಿಂಡಿ ಬಿಟ್ಟು ಎರಡು ಹಗಲು ಬಿಡುತ್ತೇನೆ. ಯಾರಾದರೂ ಎದುರಿಗಿರಬೇಕು, ರಾತ್ರಿ ಆರಿಸಬೇಕು. ಆಮೇಲೆ ಮೆಗ್ಗರ್ (ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೀಟರು) ಇರುವವರ ಹತ್ತಿರ 500 ವೋಲ್ಟಿನಲ್ಲಿ ವೈಂಡಿಂಗಿಗೂ ಬಾಡಿಗೂ ನಡುವೆ ಅಳೆಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟು ಕೊಡಬಾರದು, ಇನ್ನೂ ಒಣಗಿಸಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಸಂತೋಷ.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬಿನ, ಅಂದರೆ ಫ್ಯಾನಿಗೆ ಹೋಗುವ ಒಂದು ವೈರಿನ ನಡುವೆ ಕಟ್ಟಿದ ಬಲ್ಬಿನ, ಮೂಲಕವೇ ಕೊಡಿ, 100 ವ್ಯಾಟಿನ ಬುರುಡೆ ಬಲ್ಬು ಸಾಕು. ಬಲ್ಬು ಮಂಕಾಗಿ ಹತ್ತಿದರೆ ಪರವಾಗಿಲ್ಲ. ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಆಗಿದೆ, ತಕ್ಷಣ ಆರಿಸಿ.

ಇನ್ನು ಕಂಡೆನ್ಸರ್. ಹಳೆಯದು ತಗಡಿನ ಡಬ್ಬಿಯ ಹಾಗಿರುತ್ತದೆ. ಕಪ್ಪಿನೊಳಗೆ ಇರಬಹುದು, ಕೆಲವು ಫ್ಯಾನುಗಳಲ್ಲಿ ರೆಗ್ಯುಲೇಟರಿನ ಪೆಟ್ಟಿಗೆಯೊಳಗೇ ಇರುತ್ತದೆ. ಹಾಗಾಗಿ ಗುಜರಿಯಲ್ಲಿ ಫ್ಯಾನು ಕೊಳ್ಳುವಾಗ ರೆಗ್ಯುಲೇಟರನ್ನೂ ಕೇಳಿ ತನ್ನಿ. ಆ ಡಬ್ಬಿಯಿಂದ ಎಣ್ಣೆ ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹಿಂದಿನವುಗಳಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆ ಇರುವ ಸಾಧ್ಯತೆಯಿದೆ. ಹೊಸದು ಹಾಕುವಾಗ ತಟ್ಟೆಯಲ್ಲೋ ಹಳೇ ಡಬ್ಬಿಯ ಮೇಲೋ ಬರೆದ ಮೈಕ್ರೋಫ್ಯಾರಡ್ ಲೆಕ್ಕವನ್ನೇ ಹಾಕಿ. ಬರೆದಿರದಿದ್ದರೆ 2.5ರಿಂದ ಶುರು ಮಾಡಿ. ‘ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತೆ’ ಎಂದು ದೊಡ್ಡದು ಹಾಕುತ್ತಾರೆ, ತಿಂಗಳೊಳಗೆ ವೈಂಡಿಂಗ್ ಕಾದು ವಾಸನೆ ಬರುತ್ತದೆ.

ಮೂರು ವೈರು ಹೊರಬಂದು ಯಾವುದು ಯಾವುದೆಂದು ತಿಳಿಯದಿದ್ದರೆ, ಮೀಟರಿನಲ್ಲಿ ಎರಡೆರಡನ್ನೇ ಅಳೆಯಿರಿ. ಎಲ್ಲಕ್ಕಿಂತ ಹೆಚ್ಚು ಓಮ್ ತೋರಿಸುವ ಜೋಡಿಯನ್ನು ಬಿಟ್ಟು ಉಳಿದ ಮೂರನೆಯದೇ ಕಾಮನ್, ಅಂದರೆ ಎರಡೂ ಸುರುಳಿ ಸೇರುವ ವೈರು. ಕಾಮನ್ನಿಗೆ ಕಡಿಮೆ ಓಮ್ ತೋರಿಸುವುದು ಸಾಮಾನ್ಯವಾಗಿ ರನ್ನಿಂಗ್, ಹೆಚ್ಚು ತೋರಿಸುವುದು ಸ್ಟಾರ್ಟಿಂಗ್. ಕೆಳಗೆ ನಿಂತು ನೋಡಿದರೆ ಫ್ಯಾನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ಉಲ್ಟಾ ಹೋದರೆ ವೈರು ಅದಲುಬದಲಾಗಿದೆ ಎಂದರ್ಥ. ಕಂಡೆನ್ಸರೇ ಇಲ್ಲದ ಶೇಡೆಡ್ ಪೋಲ್ ಫ್ಯಾನುಗಳೂ ಇವೆ. ಅವು ನಿಧಾನಕ್ಕೇ ಶುರುವಾಗುವುದು, ಅದಕ್ಕೆ ಗಾಬರಿ ಬೇಡ.

ವೈಂಡಿಂಗ್ ಸುಟ್ಟೇ ಹೋಗಿದ್ದರೆ?

ಮಾಡಿಸಿ, ಆದರೆ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿ. ಹಳೇ ಸುರುಳಿ ಕತ್ತರಿಸುವ ಮೊದಲು ಎಷ್ಟು ಸುತ್ತು, ಯಾವ ಗೇಜು, ಎಷ್ಟು ಪೋಲು, ಕನೆಕ್ಷನ್ ಹೇಗೆ ಎಂದು ಬರೆದುಕೊಳ್ಳಬೇಕು. ನನಗೆ ವೈಂಡಿಂಗ್ ಮಾಡಿಕೊಡುವ ಚಾಚಾ ಒಂದು ಸುರುಳಿಯನ್ನು ಹಾಗೇ ಬಿಚ್ಚಿ, ಸುತ್ತುಗಳನ್ನು ಬಾಯಿಬಿಟ್ಟು ಎಣಿಸಿ, ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಬರೆದಿಟ್ಟ ಮೇಲೇ ಉಳಿದದ್ದಕ್ಕೆ ಕೈ ಹಾಕುವುದು. “ಕಾಪಿ ತೆಗೀದೆ ಕತ್ತರಿ ಹಾಕಿದ್ರೆ ಆಮೇಲೆ ಯಾರನ್ನ ಕೇಳ್ತೀಯಪ್ಪ?” ಅನ್ನುತ್ತಾರೆ. ಮುಗಿದ ಮೇಲೆ ವಾರ್ನಿಷ್ ಹಾಕಿ ಚೆನ್ನಾಗಿ ಒಣಗಿಸದ ವೈಂಡಿಂಗ್ ಮಳೆಗಾಲ ದಾಟುವುದಿಲ್ಲ. ಮೆಗ್ಗರಿನಲ್ಲಿ ಪಾಸಾದ ಹಳೇ ವೈಂಡಿಂಗನ್ನು ಮಾತ್ರ ‘ಹೊಸದಿದ್ದರೆ ಒಳ್ಳೆಯದು’ ಎಂದು ತೆಗೆಸಬೇಡಿ.

ಯಾವ ಎಣ್ಣೆ ಹಾಕೋದು? ನಮ್ಮಜ್ಜಿ ಕೊಬ್ಬರಿ ಎಣ್ಣೆ ಬಿಡ್ತಿದ್ರು.

ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರಿನಲ್ಲಿ ಬೆಳಿಗ್ಗೆ ಬಚ್ಚಲಿನ ಕೊಬ್ಬರಿ ಎಣ್ಣೆ ಬಾಟಲಿ ಬೆಣ್ಣೆಯ ಹಾಗೆ ಗಟ್ಟಿಯಾಗಿರುತ್ತದಲ್ಲ, ಬೇರಿಂಗಿನೊಳಗೂ ಅದೇ ಆಗುತ್ತದೆ. ವರ್ಷ ಕಳೆದಂತೆ ಅಂಟಾಗಿ ಗಟ್ಟಿಯಾಗಿ, ಕಂಬಿ ಕೂರುವ ಲೋಹದ ಕೊಳವೆಯಾದ ಬುಷ್ಷನ್ನೇ ಹಿಡಿದುಕೊಳ್ಳುತ್ತದೆ. ಅಡುಗೆಯ ಯಾವ ಎಣ್ಣೆಯೂ ಬೇಡ.

ಹಳೇ ಫ್ಯಾನುಗಳಲ್ಲಿ ಎರಡು ಬಗೆ. ಗುಂಡಿನ ಬೇರಿಂಗಿನದ್ದು ಒಂದು, ಹಿತ್ತಾಳೆ ಅಥವಾ ಗನ್‌ಮೆಟಲ್ ಬುಷ್ಷು ಎಣ್ಣೆಯ ಬಟ್ಟಲಿನಲ್ಲಿ ಮುಳುಗಿ ತಿರುಗುವಂಥದ್ದು ಇನ್ನೊಂದು. ಎರಡನೆಯದರಲ್ಲಿ ಎಣ್ಣೆ ಬಿಡಲು ತಿರುಪಿನ ಮುಚ್ಚಳದ ತೂತು ಇರುತ್ತದೆ. ಹಳೇ ಎಣ್ಣೆ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ತೆಳುವಾದ ಖನಿಜ ಎಣ್ಣೆ ತುಂಬಿ. ಹೊಲಿಗೆ ಮಿಷನ್ನಿನ ಎಣ್ಣೆ ತೀರಾ ತೆಳು; 20 ನಂಬರಿನ ಸಾದಾ ಮಷೀನ್ ಎಣ್ಣೆ ನನಗೆ ಒಗ್ಗಿದೆ. ಒಳಗಿನ ಉಣ್ಣೆಯ ಬತ್ತಿ ಕಲ್ಲಾಗಿದ್ದರೆ ಬದಲಿಸಿ, ಎಣ್ಣೆಯನ್ನು ಮೇಲೆಳೆಯುವುದೇ ಅದು. ಹೀಗೆ ಸರಿಮಾಡಿದ ಬುಷ್ ಫ್ಯಾನಿನ ಕೆಳಗೆ ಮಲಗಿದವರಿಗೆ ಗೊತ್ತು, ಗಾಳಿ ಬರುತ್ತದೆಯೇ ಹೊರತು ಸದ್ದೇ ಇರುವುದಿಲ್ಲ.

ಗುಂಡಿನ ಬೇರಿಂಗಾದರೆ ಅದರ ಮೇಲಿನ ನಂಬರ್ ನೋಡಿ ಅದನ್ನೇ ತನ್ನಿ. ಇಂಚಿನ ಅಳತೆಯದ್ದಾಗಿದ್ದರೆ ‘ಹೆಚ್ಚುಕಡಿಮೆ ಅದೇ ಸೈಜು’ ಎಂದು ಸುತ್ತಿಗೆಯಲ್ಲಿ ಹೊಡೆದು ಕೂರಿಸಬಾರದು.

ಹೊಸ ಪೇಂಟ್ ಹೊಡೆಸಲಾ?

ಮೂಲ ಬಣ್ಣ ಮುಕ್ಕಾಲು ಪಾಲು ಇದ್ದರೆ ಹೊಡೆಸಬೇಡಿ. ಸೋಪಿನ ನೀರು ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶ್ ತೆಳುವಾಗಿ ಸವರಿ. ಆ ಕಂದು, ಕಪ್ಪು, ದಂತದ ಬಣ್ಣಗಳಿಗೆ ಒಲೆಯಲ್ಲಿ ಸುಟ್ಟ ಗಟ್ಟಿತನವಿದೆ. ಸ್ಪ್ರೇ ಡಬ್ಬಿಯಿಂದ ಅದು ಬರುವುದಿಲ್ಲ. ಉದುರುವ ಹಳೇ ಬಣ್ಣವನ್ನು ಒಣಗಿದ ಎಮೆರಿ ಕಾಗದದಲ್ಲಿ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ನೀರು ಹಾಕಿಕೊಂಡೇ ಉಜ್ಜಿ, ಮಕ್ಕಳನ್ನು ದೂರವಿಡಿ.

ತಿರುಗುವಾಗ ಅಲ್ಲಾಡುತ್ತೆ.

ರೆಕ್ಕೆಗಳ ತೂಕ, ಓರೆ, ಅಂತರ ಹೆಚ್ಚಾಗಿ ಈ ಮೂರೇ ಕಾರಣ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರೂ ರೆಕ್ಕೆ ತೂಗಿ. ಒಂದಕ್ಕೊಂದು ಐದಾರು ಗ್ರಾಂ ವ್ಯತ್ಯಾಸ ಬಂದರೂ ಅಲ್ಲಾಟಕ್ಕೆ ದಾರಿ. ತೂಗುಹಾಕಿದ ಮೇಲೆ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಟೇಪು ಹಿಡಿಯಿರಿ, ಮೂರೂ ಕಡೆ ಒಂದೇ ಬರಬೇಕು. ಪ್ರತಿ ತುದಿಯಿಂದ ತಾರಸಿಗೆ ಇರುವ ಎತ್ತರವೂ ಹಾಗೇ. ಬೇರೆ ಫ್ಯಾನಿನ ಒಂದು ರೆಕ್ಕೆ ತಂದು ಸೇರಿಸಿದರೆ ಇದು ಎಂದೂ ಸರಿಯಾಗದು. ತೇಗದ ರೆಕ್ಕೆಯವಾದರೆ ನೀರಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತವೆ.

ಹಳೇ ದಪ್ಪ ರೆಗ್ಯುಲೇಟರ್ ಇಟ್ಟುಕೊಳ್ಳಬಹುದಾ?

ಗೋಡೆಯ ಮೇಲೆ ಅಂದಕ್ಕೆ ಇರಲಿ. ಒಳಗೆ ತಂತಿಯ ಸುರುಳಿ ಕಾದು ವೇಗ ತಗ್ಗಿಸುವ ವ್ಯವಸ್ಥೆ ಅದು, ತಗ್ಗಿಸಿದಷ್ಟೂ ಕರೆಂಟು ಶಾಖವಾಗಿ ಹೋಗುತ್ತದೆ. ಒಳಗೆ ಬಿಳಿ ನಾರಿನ ಪದರ ಕಂಡರೆ ಕಲ್ನಾರು ಇರಬಹುದು, ಊದಬೇಡಿ, ಉಜ್ಜಬೇಡಿ. ಬದಲಿಗೆ ಹೊಸ ಕಂಡೆನ್ಸರ್ ಬಗೆಯ ಸ್ಟೆಪ್ ರೆಗ್ಯುಲೇಟರ್ ಹಾಕಿ. ಸುಮ್ಮನೆ ತಿರುಗುವ ಗುಂಡಿಯ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಹಳೇ ಫ್ಯಾನು ಗುಂಯ್‌ಗುಡುತ್ತದೆ.

ನಮ್ಮದು ಕಲ್ಲು ಚಪ್ಪಡಿ ಮನೆ. ಇಷ್ಟು ಭಾರದ ಫ್ಯಾನನ್ನು ಎಲ್ಲಿಗೆ ಕಟ್ಟೋದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಎಲ್ಲರೂ ಕೊನೆಗೆ ಕೇಳುವುದೂ ಇದನ್ನೇ.

ಚಪ್ಪಡಿಗೆ ತೂತು ಕೊರೆದು ರಾಲ್‌ಪ್ಲಗ್ಗಿನ ಮೇಲೆ ತೂಗುಹಾಕುವ ಮಾತೇ ಬೇಡ. ಎರಡು ಗೋಡೆಗಳ ಮೇಲೆ ಅಥವಾ ಎರಡು ತೊಲೆಗಳ ಮೇಲೆ ಕೂರುವ ಹಾಗೆ ಕಬ್ಬಿಣದ ಪೈಪು ಅಡ್ಡಹಾಕಿ, ಅದಕ್ಕೆ ಕೊಕ್ಕೆ ಬೆಸುಗೆ ಹಾಕಿಸಿ. ಮರದ ತೊಲೆಯ ಮೇಲೆ ಇಟ್ಟಿಗೆ ಹೊದಿಸಿದ ಮದ್ರಾಸ್ ತಾರಸಿಯ ಮನೆಯಾದರೆ ತೊಲೆಯನ್ನೇ ನಂಬಬೇಕು, ಆದರೆ ಮೊದಲು ಅದನ್ನು ದಪ್ಪ ಮೊಳೆಯಿಂದ ಅಲ್ಲಲ್ಲಿ ಚುಚ್ಚಿ ನೋಡಿ. ಮೊಳೆ ಸುಲಭಕ್ಕೆ ಇಳಿದರೆ ಗೆದ್ದಲು ತಿಂದಿದೆ. ತೊಲೆಗೆ ತಿರುಪಿನ ಕೊಕ್ಕೆ ಹಾಕಬಾರದು, ಆರಪಾರ ಬೋಲ್ಟು ಹಾಕಿ ಮೇಲೆ ಅಗಲ ವಾಷರು, ನಟ್ಟು, ಅದರ ಮೇಲೆ ಇನ್ನೊಂದು ನಟ್ಟು.

ಫ್ಯಾನು ಏರಿಸುವ ಮುಂಚೆ ಅದೇ ಕೊಕ್ಕೆಗೆ 50 ಕೆಜಿಯ ಸಿಮೆಂಟು ಮೂಟೆ ಕಟ್ಟಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಕೊಕ್ಕೆ ಕೂದಲೆಳೆಯಷ್ಟು ಬಾಗಿದ್ದರೂ ಆ ಕೊಕ್ಕೆ ಬೇಡ. ಹಳೇ ಬೋಲ್ಟು, ಸ್ಪ್ಲಿಟ್ ಪಿನ್ನು, ರಬ್ಬರ್ ಗುಂಡಿ ಮೂರನ್ನೂ ಎಸೆದು ಹೊಸದು ಹಾಕಿ. ರಾಡಿನ ತೂತು ಉಜ್ಜಿ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ರಾಡೂ ಹೊಸದಾಗಲಿ. ಜೊತೆಗೆ ಕೊಕ್ಕೆಯಿಂದ ಬಾಡಿಯ ಮೇಲಿನ ತಿರುಗದ ಕಂಬಿಗೆ ಒಂದು ಉಕ್ಕಿನ ಹಗ್ಗ ಸಡಿಲವಾಗಿ ಕಟ್ಟಿದರೆ, ಪಿನ್ನು ಹೋದ ದಿನವೂ ಫ್ಯಾನು ತಲೆಯ ಮೇಲೆ ಬೀಳುವುದಿಲ್ಲ. ರೆಕ್ಕೆ ನೆಲದಿಂದ ಏಳು ಅಡಿಗಿಂತ ಕೆಳಗಿರಬಾರದು, ಎಂಟಾದರೆ ಇನ್ನೂ ಒಳ್ಳೆಯದು.

ಫ್ಯಾನಿನ ಕೆಳಗೇ ದೀಪ ಇದೆ. ಇದು ಆಮೇಲೆ ಸೇರಿಸಿದ್ದಾ?

ಇರಬಹುದು, ಇಲ್ಲದೆಯೂ ಇರಬಹುದು. ಕರೆಂಟಿನ ಸೀಲಿಂಗ್ ಫ್ಯಾನನ್ನು 1882ರಲ್ಲಿ ಮಾಡಿದ ಅಮೆರಿಕದ ಫಿಲಿಪ್ ಡೀಲ್, ಮುಂದೆ ಫ್ಯಾನಿಗೆ ದೀಪವನ್ನೂ ಜೋಡಿಸಿದರು. ಹಾಗಾಗಿ ದೀಪದ ಫ್ಯಾನು ಈಚಿನದೇನಲ್ಲ.

ಪರೀಕ್ಷೆ ಸುಲಭ. ಸೀಲಿಂಗ್ ಫ್ಯಾನಿನಲ್ಲಿ ನಡುವಿನ ಕಂಬಿ ನಿಂತಿರುತ್ತದೆ, ಬಾಡಿ ತಿರುಗುತ್ತದೆ. ಕಂಬಿ ಪೊಳ್ಳಾಗಿದ್ದು ಅದರೊಳಗಿಂದ ವೈರು ಇಳಿದು ದೀಪಕ್ಕೆ ಹೋಗಿದ್ದರೆ ಅದು ದೀಪಕ್ಕೆಂದೇ ಮಾಡಿದ ಫ್ಯಾನು. ಕಂಬಿ ಗಟ್ಟಿಯಾಗಿದ್ದು ಪಕ್ಕದಿಂದ ವೈರು ಎಳೆದಿದ್ದರೆ ಯಾರೋ ಸೇರಿಸಿದ್ದು, ಇವತ್ತೇ ಬಿಚ್ಚಿಡಿ.

ದೀಪವನ್ನು ರೆಕ್ಕೆಗಿಂತ ಮೇಲೆ ಯಾವತ್ತೂ ಹಾಕಬೇಡಿ. ಕೋಣೆಯೆಲ್ಲ ನೆರಳು ಪಟಪಟ ಹಾರಿ ಕಣ್ಣು ಬಳಲುತ್ತದೆ. ಹಿಂದಿನವರು ಗೋಡೆಯ ದೀಪವನ್ನು ಆಳಿನೆತ್ತರಕ್ಕೆ ಸ್ವಲ್ಪ ಮೇಲೆ ಇಟ್ಟದ್ದಕ್ಕೆ ಅರ್ಥವಿತ್ತು.

ದೀಪದ ಹಳೇ ವೈರು ಇನ್ನೂ ಗಟ್ಟಿಯಾಗೇ ಇದೆಯಲ್ಲ?

ಮೇಲಿನ ನೂಲಿನ ಹೆಣಿಗೆ ಗಟ್ಟಿಯಾಗಿದೆ. ಒಂದು ಸಲ ಬಾಗಿಸಿ ನೋಡಿ, ಒಳಗಿನ ರಬ್ಬರು ಒಣಹಪ್ಪಳದ ಹಾಗೆ ಪಟಪಟ ಮುರಿಯುವುದು ಬೆರಳಿಗೇ ತಿಳಿಯುತ್ತದೆ. ಪೂರ್ತಿ ತೆಗೆಯಿರಿ. ಹತ್ತಿಯ ಹೆಣಿಗೆಯ ಮೂರು ಎಳೆಯ ಹೊಸ ವೈರು ಈಗ ಸಿಗುತ್ತದೆ, ನೋಟಕ್ಕೂ ಹೊಂದುತ್ತದೆ. ಮೂರನೇ ಎಳೆ ಅರ್ಥಿಂಗಿಗೆ. ಹಳೇ ಹಿತ್ತಾಳೆ ದೀಪಗಳಿಗೆ ಅರ್ಥಿಂಗ್ ಇರುತ್ತಿರಲಿಲ್ಲ. ಲೋಹದ ಬಾಡಿಗೆ ತಿರುಪು ಹಾಕಿ ಹಸಿರು ವೈರು ಕಟ್ಟಲೇಬೇಕು. ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಆರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಗೆ ನಾನು ಹಿತ್ತಾಳೆ ದೀಪ ಕೊಡುವುದಿಲ್ಲ. ಹಾಗೆಯೇ ಟೆಸ್ಟರ್ ಇಟ್ಟು ನೋಡಿ, ಸ್ವಿಚ್ಚು ಫೇಸಿನ ಮೇಲೆ ಇರಬೇಕು. ಹಳೇ ಮನೆಗಳಲ್ಲಿ ನ್ಯೂಟ್ರಲಿನ ಮೇಲೆ ಇರುವುದುಂಟು. ಆಗ ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ.

ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ದೇವರ ಮನೆಯ ದೀಪಕ್ಕೆ ತಿಕ್ಕುತ್ತೀರಿ, ತಕ್ಷಣ ತೊಳೆಯುತ್ತೀರಿ, ಸರಿ. ಫಿಟ್ಟಿಂಗಿನ ಸಂದುಗೊಂದಿಯಲ್ಲಿ ಹುಳಿ ಉಳಿದರೆ ಹಿತ್ತಾಳೆ ಕೆಂಪಗಾಗುತ್ತದೆ, ಆ ಕೆಂಪು ಸುಲಭಕ್ಕೆ ಹೋಗುವುದಿಲ್ಲ. ಬ್ರಾಸೋ ಮೆತ್ತಗೆ ಬಳಸಿ, ಅದೂ ಹೋಲ್ಡರ್ ಬಿಚ್ಚಿದ ಮೇಲೆ. ನನ್ನನ್ನು ಕೇಳಿದರೆ ಆ ಕಂದು ಮಬ್ಬನ್ನು ಹಾಗೇ ಬಿಡುವುದು ಚೆಂದ.

ಗಾಜಿನ ಗ್ಲೋಬು ಎಷ್ಟು ತೊಳೆದರೂ ಬಿಳೀ ಕಲೆ ಬಿಡುತ್ತೆ.

ಅದು ಗಾಜಿನದಲ್ಲ, ನಮ್ಮ ಬೋರ್‌ವೆಲ್ ನೀರಿನದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಸಾವಿರ ಅಡಿಯ ಗಡಸು ನೀರು. ಒಣಗಿದ ಕಡೆಯೆಲ್ಲ ಸುಣ್ಣದ ಗುರುತು. ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಕೊನೆಯ ಸಲ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಿನಲ್ಲಿ ಅದ್ದಿ, ಒರೆಸದೆ ಬೋರಲು ಹಾಕಿ. ಹಳೇ ಕಲೆಗೆ ನಿಂಬೆರಸ ಹತ್ತು ನಿಮಿಷ ಸಾಕು. ಗಾಜಿನ ಮೇಲೆ ಬಣ್ಣದ ಹೂ ಬರೆದಿದ್ದರೆ ನೆನೆಸಲೂ ಬೇಡಿ, ನಿಂಬೆಯೂ ಬೇಡ; ಒದ್ದೆ ಬಟ್ಟೆ ಮಾತ್ರ.

ಹಾಲುಗಾಜು, ಗೀರುಗೀರಿನ ಹೋಲೋಫೇನ್ ಗಾಜು, ಹೊರಗೆ ಹಸಿರು ಒಳಗೆ ಬಿಳಿಯ ಎನಾಮಲ್ ತಗಡಿನ ಷೇಡು, ಇವು ನಮ್ಮ ಕಡೆ ಸಿಗುವ ಮುಖ್ಯ ಬಗೆಗಳು. ಎನಾಮಲ್ ಚಕ್ಕೆ ಎದ್ದಲ್ಲಿ ಬಣ್ಣ ತುಂಬಬೇಡಿ, ತುಕ್ಕು ಒರೆಸಿ ಮೇಣ ಸವರಿದರೆ ಸಾಕು.

ಗಾಜನ್ನು ಮತ್ತೆ ಕೂರಿಸುವಾಗ ಅದರ ಕತ್ತನ್ನು ಹಿಡಿಯುವ ಹಿತ್ತಾಳೆ ಬಳೆಯ ಮೂರು ತಿರುಪುಗಳನ್ನು ಸಮವಾಗಿ, ಒಂದಾದ ಮೇಲೆ ಒಂದರಂತೆ, ಗಾಜಿಗೆ ತಾಗುವವರೆಗೆ ಬಿಗಿ ಮಾಡಿ, ಆಮೇಲೆ ಪ್ರತಿಯೊಂದನ್ನೂ ಕಾಲು ಸುತ್ತು ಹಿಂದಕ್ಕೆ ಬಿಡಿ. ಬಲ್ಬು ಕಾದಾಗ ಗಾಜಿಗೆ ಹಿಗ್ಗಲು ಜಾಗ ಬೇಕು. ತಿರುಪಿಗೂ ಗಾಜಿಗೂ ನಡುವೆ ಸೈಕಲ್ ಟ್ಯೂಬಿನ ಸಣ್ಣ ತುಂಡು ಇಡಿ. ಒಳಗೆ 60 ವ್ಯಾಟಿನ ಬುರುಡೆ ಬಲ್ಬಿನ ಬದಲು 7 ಅಥವಾ 9 ವ್ಯಾಟಿನ, ಹಳದಿ ಬೆಳಕಿನ ಎಲ್ಇಡಿ ಹಾಕಿ. ಹಾಲುಗಾಜಿಗೆ ಬಿಳೀ ಬೆಳಕು ಒಪ್ಪುವುದಿಲ್ಲ. ಫ್ಯಾನಿನ ಕೆಳಗಿನ ದೀಪವಾದರೆ ಅದುರಾಟಕ್ಕೆ ಈ ತಿರುಪುಗಳು ಸಡಿಲವಾಗುತ್ತವೆ. ಮೂರು ತಿಂಗಳಿಗೊಮ್ಮೆ, ಫ್ಯಾನು ಒರೆಸಲು ಸ್ಟೂಲು ಹತ್ತಿದಾಗ, ಬೆರಳಿನಲ್ಲೇ ಒಂದು ಸಲ ಮುಟ್ಟಿ ನೋಡಿಬಿಡಿ.